ಚಾವಣಿ ಕೆಳಗಿನ ಟೆನಿಸ್: ಡಲ್ಲಾಸ್ ಓಪನ್ ನೋಡಲು ಹೊರಡುವ ಮುನ್ನ

ಊರಿಂದ ಅಪ್ಪ ಬಂದಿದ್ದರು. ಟೆಕ್ಸಸ್‌ನ ಫೆಬ್ರವರಿ. ಬೆಳಿಗ್ಗೆ ಎದ್ದರೆ ಕಾರಿನ ಗಾಜಿನ ಮೇಲೆ ಐಸ್, ವಾಕಿಂಗ್ ಬಂದ್. ಫ್ರಿಸ್ಕೋದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನಕ್ಕೆ ಎರಡು ಸಲ ಹೋಗಿ ಬಂದಾಗಿತ್ತು. ಇನ್ನೆಲ್ಲಿಗೆ ಅಂತ ಯೋಚಿಸುವಾಗ ಟೆನಿಸ್ ಟೂರ್ನಿ ಇದೆ ಅಂದೆ. ‘ಈ ಚಳಿಯಲ್ಲಾ? ಮಳೆ ಬಂದ್ರೆ?’ ಅಂದರು. ಕಬ್ಬನ್ ಪಾರ್ಕಿನ ಕೋರ್ಟ್‌ಗಳಲ್ಲಿ ಬಿಸಿಲಿಗೆ ಟೋಪಿ ಹಾಕಿ ಕೂತು ಟೆನಿಸ್ ನೋಡಿದವರು ಅವರು. ಟೆನಿಸ್ ಅಂದರೆ ಅವರಿಗೆ ಆಕಾಶ ಇರಲೇಬೇಕು.

ಇಲ್ಲಿ ಆಕಾಶ ಇಲ್ಲ. ಚಾವಣಿ ಬಂದರೆ ಆಟವೇ ಸ್ವಲ್ಪ ಬೇರೆ ಆಗುತ್ತದೆ, ನೋಡುವ ರೀತಿಯೂ ಬೇರೆ ಆಗಬೇಕಾಗುತ್ತದೆ. ಅದು ಗೊತ್ತಿಲ್ಲದೆ ಮೊದಲ ಸಲ ಹೋದಾಗ ನಾನು ದುಡ್ಡನ್ನೂ ಒಳ್ಳೆಯ ಪಂದ್ಯಗಳನ್ನೂ ಕಳೆದುಕೊಂಡೆ. ನಿಮಗೆ ಹಾಗಾಗದಿರಲಿ ಅಂತ ಒಂದೊಂದಾಗಿ ಬರೆಯುತ್ತಿದ್ದೇನೆ. ಡಲ್ಲಾಸ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಇದು ಜಾಸ್ತಿ ಉಪಯೋಗ. ಬೆಂಗಳೂರಿನಲ್ಲಿ ಕೂತು ನೋಡುವವರಿಗೂ ಕೊನೆಯಲ್ಲಿ ಒಂದಿಷ್ಟು ಇದೆ.

ಮೊದಲು, ಇದು ಎಂಥ ಟೂರ್ನಿ

ಡಲ್ಲಾಸ್ ಓಪನ್ ಶುರುವಾಗಿದ್ದು 2022ರಲ್ಲಿ. ಗಂಡಸರ ವೃತ್ತಿಪರ ಟೆನಿಸ್ ಸರಣಿಯಾದ ಎಟಿಪಿ ಟೂರ್‌ನ ಟೂರ್ನಿ, ಗಟ್ಟಿ ನೆಲದ ಹಾರ್ಡ್ ಕೋರ್ಟ್, ಪೂರ್ತಿ ಒಳಾಂಗಣ. ಅಮೆರಿಕದಲ್ಲಿ ಚಾವಣಿ ಕೆಳಗೆ ನಡೆಯುವ ಎಟಿಪಿ ಟೂರ್ನಿ ಇದೊಂದೇ. ಹೊಸದು ಅಂದರೂ ಇದರ ಬೇರು ಬೇರೆ ಊರಿನದು. ಮೆಂಫಿಸ್‌ನಲ್ಲಿ ವರ್ಷಗಟ್ಟಲೆ ನಡೆಯುತ್ತಿದ್ದ ಒಳಾಂಗಣ ಟೂರ್ನಿ 2018ರಲ್ಲಿ ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್‌ಗೆ ಹೋಯಿತು. ಅಲ್ಲಿ ಮೂರು ವರ್ಷ ನಡೆದು ನಿಂತಿತು. ಅದರ ಜಾಗದಲ್ಲಿ ಡಲ್ಲಾಸ್ ಬಂತು. ಒಂದು ತಮಾಷೆ ನೋಡಿ: 2019ರಲ್ಲಿ ನ್ಯೂಯಾರ್ಕ್‌ನಲ್ಲಿ ಗೆದ್ದ ರೈಲಿ ಒಪೆಲ್ಕಾ ಅವರೇ 2022ರಲ್ಲಿ ಡಲ್ಲಾಸ್‌ನ ಮೊದಲ ಚಾಂಪಿಯನ್ ಆದರು. ಟೂರ್ನಿ ಊರು ಬದಲಿಸಿತು, ಗೆದ್ದವರು ಬದಲಾಗಲಿಲ್ಲ.

ಡಲ್ಲಾಸ್‌ಗೆ ಚಾವಣಿ ಕೆಳಗಿನ ಟೆನಿಸ್ ಹೊಸದೇನೂ ಅಲ್ಲ. 1971ರಿಂದ 1989ರವರೆಗೆ ಡಬ್ಲ್ಯೂಸಿಟಿ (ವರ್ಲ್ಡ್ ಚಾಂಪಿಯನ್‌ಶಿಪ್ ಟೆನಿಸ್) ಅನ್ನೋ ವೃತ್ತಿಪರ ಸರಣಿಯ ಫೈನಲ್ಸ್ ಈ ಊರಿನಲ್ಲೇ ನಡೆಯುತ್ತಿತ್ತು. 1972ರಲ್ಲಿ ಕೆನ್ ರೋಸ್‌ವಾಲ್ ಐದು ಸೆಟ್ ಆಡಿ ರಾಡ್ ಲೇವರ್ ಅವರನ್ನು ಸೋಲಿಸಿದ ಫೈನಲ್ ಬಗ್ಗೆ ಇಲ್ಲಿನ ಹಳಬರು ಇವತ್ತಿಗೂ ಮಾತಾಡುತ್ತಾರೆ. ಕೊನೇ ಸೆಟ್ ಟೈಬ್ರೇಕ್‌ನಲ್ಲಿ, ಅಂದರೆ 6-6 ಆದಾಗ ಸೆಟ್ ಯಾರಿಗೆ ಅಂತ ತೀರ್ಮಾನಿಸುವ ಗೇಮ್‌ನಲ್ಲಿ, ಮುಗಿದಿತ್ತು. ಈ ಟೈಬ್ರೇಕ್ ಅನ್ನೋ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಮೊದಲ ಮೂರು ವರ್ಷ ಟೂರ್ನಿ ನಡೆದದ್ದು ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿಯ ಟೆನಿಸ್ ಕಾಂಪ್ಲೆಕ್ಸ್‌ನಲ್ಲಿ. ಆಗ ಅದು ಎಟಿಪಿ 250 ದರ್ಜೆಯದು, ಅಂದರೆ ಗೆದ್ದವರಿಗೆ 250 ರ‍್ಯಾಂಕಿಂಗ್ ಪಾಯಿಂಟ್. 2025ರಲ್ಲಿ 500 ದರ್ಜೆಗೆ ಏರಿತು, ಜಾಗವೂ ಬದಲಾಯಿತು. ಈಗ ನಡೆಯುವುದು ಫ್ರಿಸ್ಕೋದ ‘ದಿ ಸ್ಟಾರ್’ ಆವರಣದ ಫೋರ್ಡ್ ಸೆಂಟರ್‌ನಲ್ಲಿ. ಡಲ್ಲಾಸ್ ಕೌಬಾಯ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ತಂಡ ಅಭ್ಯಾಸ ಮಾಡುವ ಜಾಗ ಅದು, 2016ರಲ್ಲಿ ಶುರುವಾಗಿದ್ದು, 12,000 ಸೀಟಿನದು. ಫ್ರಿಸ್ಕೋದ ಹೈಸ್ಕೂಲ್ ಮಕ್ಕಳ ಫುಟ್‌ಬಾಲ್ ಪಂದ್ಯಗಳೂ ಅಲ್ಲೇ ನಡೆಯುತ್ತವೆ. ಹೆಸರಲ್ಲಿ ಡಲ್ಲಾಸ್ ಇದ್ದರೂ ಊರು ಫ್ರಿಸ್ಕೋ. ಹೋಟೆಲ್ ಹುಡುಕುವವರು ಇದನ್ನು ಮರೆತು ಡಲ್ಲಾಸ್ ನಡುವೆ ರೂಮ್ ಮಾಡಿ, ದಿನಾ ಸುಮಾರು 40 ಕಿಲೋಮೀಟರ್ ಓಡಾಡಿದ್ದುಂಟು.

ದಿನ ಆರಿಸುವುದು

ಎಲ್ಲರೂ ಮಾಡುವ ತಪ್ಪು ಇಲ್ಲೇ. ‘ಹೋದ್ರೆ ಫೈನಲ್‌ಗೇ ಹೋಗೋಣ’ ಅಂತಾರೆ. ನಾನು ಉಲ್ಟಾ ಹೇಳುತ್ತೇನೆ: ಒಂದೇ ದಿನ ಹೋಗುವುದಾದರೆ ಸೋಮವಾರ ಅಥವಾ ಮಂಗಳವಾರ ಹೋಗಿ.

ಲೆಕ್ಕ ಸುಲಭ. 500 ದರ್ಜೆಗೆ ಏರಿದ ಮೇಲೆ ಸಿಂಗಲ್ಸ್‌ನಲ್ಲಿ 32 ಜನ. ಒಟ್ಟು ಪಂದ್ಯ 31. ಅದರಲ್ಲಿ 16 ಪಂದ್ಯ ಮೊದಲ ಸುತ್ತಿನಲ್ಲೇ ಮುಗಿಯುತ್ತವೆ, ಹೆಚ್ಚುಕಡಿಮೆ ವಾರದ ಮೊದಲ ಎರಡು ದಿನಗಳಲ್ಲಿ. ಫೈನಲ್ ದಿನ ಸಿಂಗಲ್ಸ್ ಪಂದ್ಯ ಒಂದೇ ಒಂದು. ಅದು ಒಂದೂಕಾಲು ಗಂಟೆಯಲ್ಲಿ ಮುಗಿದರೆ ಡಬಲ್ಸ್ ಫೈನಲ್ ಬಿಟ್ಟು ಬೇರೆ ಏನೂ ಇಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 250 ದರ್ಜೆಯ ದಿನಗಳಲ್ಲಿ ಡ್ರಾದಲ್ಲಿ (ಯಾರಿಗೆ ಯಾರು ಎದುರಾಳಿ ಅನ್ನೋ ಪಟ್ಟಿಯಲ್ಲಿ) 28 ಜನ ಇರುತ್ತಿದ್ದರು, ಮೊದಲ ನಾಲ್ಕು ಸೀಡ್‌ಗಳಿಗೆ, ಅಂದರೆ ರ‍್ಯಾಂಕ್‌ನಲ್ಲಿ ಮುಂದಿರುವ ನಾಲ್ವರಿಗೆ, ಮೊದಲ ಸುತ್ತು ಬೈ, ಆಡದೆಯೇ ಮುಂದಕ್ಕೆ. ದೊಡ್ಡ ಹೆಸರು ನೋಡಲು ಬುಧವಾರ, ಗುರುವಾರದವರೆಗೆ ಕಾಯಬೇಕಿತ್ತು. 32 ಜನರ ಡ್ರಾದಲ್ಲಿ ಬೈ ಇಲ್ಲ. ಮೊದಲ ಸೀಡ್ ಕೂಡ ಮೊದಲ ಸುತ್ತು ಆಡಲೇಬೇಕು. ಅಂದರೆ ವಾರದ ಆರಂಭದ ಟಿಕೆಟ್‌ನಲ್ಲಿ ಈಗ ದೊಡ್ಡ ಆಟಗಾರರೂ ಸಿಗುತ್ತಾರೆ.

ಅದಕ್ಕೂ ಮೊದಲಿನ ಶನಿವಾರ, ಭಾನುವಾರ ಕ್ವಾಲಿಫೈಯಿಂಗ್. 16 ಜನ, ಎರಡು ಸುತ್ತು, ನಾಲ್ಕು ಜಾಗ. ಮಕ್ಕಳು ಟೆನಿಸ್ ಕಲಿಯುತ್ತಿದ್ದರೆ ಈ ಎರಡು ದಿನ ಬಿಡಲೇಬೇಡಿ. ಜನ ಕಮ್ಮಿ, ಕೋರ್ಟ್‌ಗೆ ಹತ್ತಿರ ಕೂರಬಹುದು, ಆಡುವವರಿಗೂ ಹಸಿವು ಜಾಸ್ತಿ. ಗೆದ್ದರೆ ಮುಖ್ಯ ಡ್ರಾ, ಸೋತರೆ ಮುಂದಿನ ಊರಿಗೆ ವಿಮಾನ. ನೂರನೇ ರ‍್ಯಾಂಕ್ ಆಸುಪಾಸಿನವರ ಬದುಕು ಏನು ಅಂತ ಮಕ್ಕಳಿಗೆ ಅಲ್ಲಿ ಗೊತ್ತಾಗುತ್ತದೆ.

ಹೆಸರು ನೋಡಿ ಟಿಕೆಟ್ ತಗೊಳ್ಳಬೇಡಿ. ಇದು ನನ್ನ ಕಹಿ ಅನುಭವ. ಒಬ್ಬ ಆಟಗಾರನಿಗಾಗಿಯೇ ಸಂಜೆಯ ದುಬಾರಿ ಟಿಕೆಟ್ ತಗೊಂಡಿದ್ದೆ. ಅವತ್ತು ಬೆಳಿಗ್ಗೆಯೇ ಗಾಯ ಅಂತ ಹಿಂದೆ ಸರಿದ ಸುದ್ದಿ. ಆಟ ರದ್ದಾಗದಿದ್ದರೆ ದುಡ್ಡು ವಾಪಸ್ ಬರುವುದಿಲ್ಲ, ಬೇರೆ ಯಾರೋ ಆಡುತ್ತಾರೆ ಅಷ್ಟೇ. ಈ ವಾರದಲ್ಲಿ ಹೀಗಾಗುವುದಕ್ಕೆ ಕಾರಣವೂ ಇದೆ. ಆಸ್ಟ್ರೇಲಿಯನ್ ಓಪನ್ ಆಗಷ್ಟೇ ಮುಗಿದಿರುತ್ತದೆ. ಅಲ್ಲಿ ಕೊನೆವರೆಗೆ ಆಡಿದವರ ಕಾಲು, ಹೆಗಲು ಸುಸ್ತಾಗಿರುತ್ತವೆ. ಜೊತೆಗೆ 2025ರಲ್ಲಿ ಅದೇ ವಾರ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲೂ 500 ದರ್ಜೆಯ ಒಳಾಂಗಣ ಟೂರ್ನಿ ಇತ್ತು. ಕಾರ್ಲೋಸ್ ಅಲ್ಕರಾಜ್ ಅಲ್ಲಿಗೆ ಹೋಗಿ ಗೆದ್ದರು. ಯುರೋಪಿನವರು ಬಹಳಷ್ಟು ಜನ ಅತ್ತ, ಅಮೆರಿಕದವರು ಇತ್ತ. ಹಾಗಾಗಿ ಫ್ರಿಸ್ಕೋದಲ್ಲಿ ಟೇಲರ್ ಫ್ರಿಟ್ಜ್, ಟಾಮಿ ಪಾಲ್, ಬೆನ್ ಶೆಲ್ಟನ್ ತರದ ಅಮೆರಿಕನ್ನರನ್ನು ನಿರೀಕ್ಷಿಸುವುದು ಜಾಣತನ.

ಟಿಕೆಟ್ ಮತ್ತು ಸೀಟು

ಟಿಕೆಟ್ ದಿನದ ಲೆಕ್ಕ ಅಲ್ಲ, ಅವಧಿಯ ಲೆಕ್ಕ. ಹಗಲಿನದು ಬೇರೆ, ಸಂಜೆಯದು ಬೇರೆ. ಹಗಲಿನ ಅವಧಿಯಲ್ಲಿ ಪಂದ್ಯಗಳು ಜಾಸ್ತಿ, ಸಂಜೆಯ ಅವಧಿಯಲ್ಲಿ ಹೆಸರು ಜಾಸ್ತಿ. ಕೊಳ್ಳುವ ಪುಟದಲ್ಲಿ ಮೊದಲು ಕಾಣುವ ಬೆಲೆ ನಂಬಬೇಡಿ. ಶುಲ್ಕ, ತೆರಿಗೆ ಎಲ್ಲ ಸೇರಿದ ಮೇಲಿನ ಕೊನೇ ಮೊತ್ತವನ್ನೇ ಹೋಲಿಸಿ ನೋಡಿ. ಟಿಕೆಟ್ ಯಾವ ಯಾವ ಕೋರ್ಟ್‌ಗೆ ನಡೆಯುತ್ತದೆ ಅಂತಲೂ ಓದಿಕೊಳ್ಳಿ. ಮುಖ್ಯ ಕೋರ್ಟ್ ಬಿಟ್ಟು ಬೇರೆ ಕೋರ್ಟ್‌ನಲ್ಲೂ ಪಂದ್ಯ ಇರುತ್ತದೆ, ಒಳ್ಳೇ ಡಬಲ್ಸ್ ಎಷ್ಟೋ ಸಲ ಅಲ್ಲೇ.

ಸೀಟಿನ ವಿಷಯಕ್ಕೆ ಬರೋಣ. ಕಬ್ಬನ್ ಪಾರ್ಕಿನಲ್ಲಿ ನಾವು ಮೊದಲು ನೋಡುವುದು ನೆರಳು ಯಾವ ಕಡೆ ಅಂತ. ಇಲ್ಲಿ ಆ ಚಿಂತೆ ಇಲ್ಲ. ಹಾಗಾದರೆ ಎಲ್ಲಿ ಕೂರಬೇಕು? ಟಿವಿ ಕ್ಯಾಮೆರಾ ಇರುವ ಕಡೆ, ಅಂದರೆ ಕೋರ್ಟ್‌ನ ತುದಿ ಗೆರೆಯಾದ ಬೇಸ್‌ಲೈನ್ ಹಿಂದೆ, ಸ್ವಲ್ಪ ಎತ್ತರದಲ್ಲಿ. ನೆಟ್ ಪಕ್ಕದ ಸೀಟು ನೋಡಲು ಗತ್ತು, ಬೆಲೆಯೂ ಜಾಸ್ತಿ. ಆದರೆ ಎರಡು ಗಂಟೆ ಕತ್ತು ಆ ಕಡೆ ಈ ಕಡೆ ತಿರುಗಿಸಿ ರಾತ್ರಿ ನೋವಿನ ಮುಲಾಮು ಹುಡುಕಬೇಕಾಗುತ್ತದೆ. ಬೇಸ್‌ಲೈನ್ ಹಿಂದೆ ಕೂತರೆ ಚೆಂಡು ಎಲ್ಲಿ ತಿರುಗಿತು, ಸರ್ವ್ ಮೂಲೆಗೆ ಹೋಯಿತೋ ಮೈಗೆ ಬಂತೋ, ಎಲ್ಲ ಕಾಣುತ್ತದೆ. ಚಾವಣಿ ಕೆಳಗೆ ಸರ್ವೇ ಮುಖ್ಯ ಆದ್ದರಿಂದ ಇದು ಇನ್ನೂ ಮುಖ್ಯ. ತೀರಾ ಮುಂದಿನ ಸಾಲೂ ಬೇಡ. ಅಲ್ಲಿಂದ ಎದುರಿನ ಅರ್ಧ ಕೋರ್ಟ್ ನೆಟ್ ಹಿಂದೆ ಮುಚ್ಚಿಹೋಗುತ್ತದೆ.

ಹೋಗುವ ದಾರಿ, ಚೀಲ, ಊಟ

ಫ್ರಿಸ್ಕೋಗೆ ಡಲ್ಲಾಸ್‌ನ ಡಾರ್ಟ್ ರೈಲು ಬರುವುದಿಲ್ಲ. ಕಾರು ಅಥವಾ ಟ್ಯಾಕ್ಸಿ, ಅಷ್ಟೇ. ಡಿಎಫ್‌ಡಬ್ಲ್ಯೂ (ಡಲ್ಲಾಸ್ ಫೋರ್ಟ್ ವರ್ತ್) ಏರ್‌ಪೋರ್ಟ್‌ನಿಂದ ಸುಮಾರು 35 ಕಿಲೋಮೀಟರ್, 121ರ ಟೋಲ್ ರಸ್ತೆ. ಡಲ್ಲಾಸ್ ಕಡೆಯಿಂದ ಬರುವವರಿಗೆ ಡಲ್ಲಾಸ್ ನಾರ್ತ್ ಟೋಲ್‌ವೇ. ಸಂಜೆಯ ಪಂದ್ಯಕ್ಕೆ ಹೊರಟರೆ ಆಫೀಸು ಬಿಡುವ ಹೊತ್ತಿನ ಟ್ರಾಫಿಕ್‌ಗೇ ಸಿಕ್ಕಿಬೀಳುತ್ತೀರಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಅಷ್ಟಲ್ಲ, ಆದರೂ ಮುಕ್ಕಾಲು ಗಂಟೆ ಮುಂಚೆ ಹೊರಡಿ. ಟೋಲ್ ರಸ್ತೆಯಲ್ಲಿ ನಿಂತು ದುಡ್ಡು ಕೊಡುವ ಬೂತ್ ಇಲ್ಲ. ಬಾಡಿಗೆ ಕಾರಾದರೆ ಟೋಲ್ ಲೆಕ್ಕ ಹೇಗೆ ಅಂತ ಕೀಲಿ ಕೈಗೆ ಬರುವ ಮೊದಲೇ ಕೇಳಿ.

ಐಸ್ ಬಿದ್ದ ದಿನ ಸಾಹಸ ಬೇಡ. 2022ರಲ್ಲೂ 2023ರಲ್ಲೂ ಫೆಬ್ರವರಿ ಮೊದಲ ದಿನಗಳಲ್ಲಿ ಇಲ್ಲಿನ ರಸ್ತೆಗಳು ಗಾಜಿನ ಹಾಗಾಗಿದ್ದವು. ಒಳಗೆ ಆಟ ನಡೆಯುತ್ತದೆ, ನಿಜ. ಆದರೆ ಸೇತುವೆ ಮೇಲೆ ಕಾರು ಜಾರಿದರೆ ಚಾವಣಿ ಏನೂ ಮಾಡಲ್ಲ.

ಚೀಲದ ನಿಯಮ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಅಮೆರಿಕದ ದೊಡ್ಡ ಕ್ರೀಡಾಂಗಣಗಳಲ್ಲಿ ಒಳಗಿನದು ಹೊರಗೆ ಕಾಣುವ ಪ್ಲಾಸ್ಟಿಕ್ ಚೀಲ ಅಥವಾ ಅಂಗೈ ಅಗಲದ ಪರ್ಸ್ ಮಾತ್ರ ಬಿಡುವುದು ಈಗ ಮಾಮೂಲು. ಅಮ್ಮನ ದೊಡ್ಡ ಕೈಚೀಲ ನೇರ ಕಾರಿಗೆ ವಾಪಸ್. ಮನೆಯ ಪುಳಿಯೋಗರೆ ಡಬ್ಬಿಯೂ ಅಷ್ಟೇ. ನಮ್ಮನೆ ಉಪಾಯ ಹೇಳ್ತೀನಿ: ಹಗಲಿನ ಅವಧಿಗೆ ಹೋಗುವಾಗ ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಹೊರಡುವುದು, ಮುಗಿದ ಮೇಲೆ ‘ದಿ ಸ್ಟಾರ್’ ಸುತ್ತಲಿನ ಹೋಟೆಲ್‌ನಲ್ಲಿ ಊಟ. ಔಷಧಿ, ಮಗುವಿನ ಊಟ ಇದ್ದರೆ ಏನು ಬಿಡುತ್ತಾರೆ ಅಂತ ಮೊದಲೇ ವಿಚಾರಿಸಿ.

ಒಂದು ಸ್ವೆಟರ್. ಮರೆಯಬೇಡಿ. ಹೊರಗೆ ಚಳಿ, ಒಳಗೆ ಬೆಚ್ಚಗಿರುತ್ತೆ ಅಂತ ಹೋದ ಅಪ್ಪ ಎರಡನೇ ಸೆಟ್‌ಗೆ ನನ್ನ ಜಾಕೆಟ್ ಹಾಕಿಕೊಂಡು ಕೂತಿದ್ದರು. ಅಷ್ಟು ದೊಡ್ಡ ಕಟ್ಟಡದಲ್ಲಿ ಮೂರು ಗಂಟೆ ಸುಮ್ನೆ ಕೂತರೆ ಮೈ ತಣ್ಣಗಾಗುತ್ತದೆ.

ಒಳಗೆ ಕೂತ ಮೇಲೆ ಏನು ನೋಡಬೇಕು

ಈ ಲೇಖನ ಬರೆಯಲು ಕೂತಿದ್ದೇ ಈ ಭಾಗಕ್ಕೋಸ್ಕರ.

ಹೊರಗಿನ ಕೋರ್ಟ್‌ನಲ್ಲಿ ಸರ್ವ್ ಮಾಡುವವನಿಗೆ ಎರಡು ಶತ್ರುಗಳು, ಗಾಳಿ ಮತ್ತು ಸೂರ್ಯ. ಮೇಲೆ ಎಸೆದ ಚೆಂಡನ್ನು ಗಾಳಿ ಒಂದು ಗೇಣು ಸರಿಸಿದರೂ ಸರ್ವ್ ಕೆಡುತ್ತದೆ. ಕಣ್ಣಿಗೆ ಬಿಸಿಲು ಹೊಡೆದರೂ ಕೆಡುತ್ತದೆ. ಚಾವಣಿ ಈ ಎರಡನ್ನೂ ತೆಗೆದುಹಾಕುತ್ತದೆ. ಚೆಂಡು ಪ್ರತಿ ಸಲ ಅದೇ ಜಾಗಕ್ಕೆ ಏರುತ್ತದೆ, ಅದೇ ಜಾಗದಲ್ಲಿ ಹೊಡೆಸಿಕೊಳ್ಳುತ್ತದೆ. ಒಳ್ಳೇ ಸರ್ವ್ ಇರುವವನು ಗಂಟೆಗಟ್ಟಲೆ ಯಂತ್ರದ ಹಾಗೆ ಹೊಡೆಯುತ್ತಾನೆ. ಸರ್ವ್ ಮುರಿಯುವುದು, ಅಂದರೆ ಎದುರಾಳಿ ಸರ್ವ್ ಮಾಡುವ ಗೇಮ್ ಗೆಲ್ಲುವುದು, ಕಷ್ಟ ಆಗುತ್ತದೆ. ಸೆಟ್‌ಗಳು 6-6ಕ್ಕೆ ಬಂದು ನಿಲ್ಲುತ್ತವೆ.

ಇದು ಬರೀ ಥಿಯರಿ ಅಲ್ಲ. ಡಲ್ಲಾಸ್‌ನ ಮೊದಲ ನಾಲ್ಕು ಫೈನಲ್ ನೋಡಿ. 2022ರಲ್ಲಿ ಒಪೆಲ್ಕಾ, ಜೆನ್ಸನ್ ಬ್ರೂಕ್ಸ್‌ಬಿ ಮೇಲೆ ಗೆದ್ದದ್ದು ಎರಡೂ ಸೆಟ್ ಟೈಬ್ರೇಕ್. 2023ರಲ್ಲಿ ಚೀನಾದ ವು ಯಿಬಿಂಗ್, ಜಾನ್ ಇಸ್ನರ್ ಮೇಲೆ ಗೆದ್ದದ್ದು ಮೂರೂ ಸೆಟ್ ಟೈಬ್ರೇಕ್. 2024ರಲ್ಲಿ ಟಾಮಿ ಪಾಲ್, ಮಾರ್ಕೋಸ್ ಗಿರಾನ್ ಮೇಲೆ ಗೆದ್ದಾಗ ಮೊದಲ ಸೆಟ್. 2025ರಲ್ಲಿ ಡೆನಿಸ್ ಶಪೊವಲೊವ್, ಕ್ಯಾಸ್ಪರ್ ರೂಡ್ ಮೇಲೆ ಗೆದ್ದಾಗಲೂ ಮೊದಲ ಸೆಟ್. ಒಟ್ಟು 10 ಸೆಟ್, ಅದರಲ್ಲಿ 7 ಟೈಬ್ರೇಕ್!

ಆದ್ದರಿಂದ ಈ ಲೇಖನದಲ್ಲಿ ಒಂದೇ ಒಂದು ಸಲಹೆ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಸ್ಕೋರ್ 4-4 ದಾಟಿದ ಮೇಲೆ ಕಾಫಿಗೆ, ಬಾತ್‌ರೂಮಿಗೆ ಏಳಬೇಡಿ. ಎದ್ದರೆ ಮತ್ತೆ ಒಳಗೆ ಬಿಡುವುದು ಎಷ್ಟೋ ಸಲ ಆಟಗಾರರು ಕೋರ್ಟ್ ಬದಿ ಬದಲಿಸಿ ಕೂತಾಗಲೇ. ಆ 90 ಸೆಕೆಂಡ್ ತಪ್ಪಿಸಿಕೊಂಡರೆ ಬಾಗಿಲ ಹತ್ತಿರ ನಿಂತು ಜನರ ಕೂಗು ಕೇಳಬೇಕಾಗುತ್ತದೆ. ಕಾಫಿಗೆ ಒಳ್ಳೇ ಸಮಯ ಸೆಟ್ ಮುಗಿದ ತಕ್ಷಣ. ಗೇಟಿನ ಹತ್ತಿರದ ಸೀಟಾದರೆ ಹೋಗಿ ಬರುವುದು ಬೇಗ ಆಗುತ್ತದೆ.

ಟೈಬ್ರೇಕ್ ಗೊತ್ತಿಲ್ಲದವರು ಜೊತೆಗಿದ್ದರೆ ಹೀಗೆ ಹೇಳಿಕೊಡಿ. 7 ಪಾಯಿಂಟ್ ಮೊದಲು ಮುಟ್ಟಿದವನು ಗೆದ್ದ, ಆದರೆ ಎರಡು ಪಾಯಿಂಟ್ ಮುಂದಿರಬೇಕು. ಮೊದಲ ಸರ್ವ್ ಒಂದು, ಆಮೇಲೆ ಇಬ್ಬರಿಗೂ ಎರಡೆರಡು. ಆರು ಪಾಯಿಂಟ್‌ಗೆ ಒಂದು ಸಲ ಬದಿ ಬದಲು. ‘ಎರಡು ಮುಂದಿರಬೇಕು’ ಅನ್ನೋ ಮಾತಲ್ಲೇ ಮಜಾ ಇರುವುದು. 2022ರ ಸೆಮಿಫೈನಲ್‌ನಲ್ಲಿ ಒಪೆಲ್ಕಾ, ಇಸ್ನರ್ ಎದುರಾದರು. ಒಬ್ಬರು 211 ಸೆಂಟಿಮೀಟರ್, ಇನ್ನೊಬ್ಬರು 208. ಎರಡನೇ ಸೆಟ್‌ನ ಟೈಬ್ರೇಕ್ ಎಲ್ಲಿಗೆ ಹೋಯಿತು ಗೊತ್ತಾ? 24-22. ಎಟಿಪಿ ಟೂರ್‌ನಲ್ಲಿ ಅಷ್ಟು ಉದ್ದದ ಟೈಬ್ರೇಕ್ ಹಿಂದೆ ಆಗಿರಲಿಲ್ಲ. ಮರುವರ್ಷದ ಫೈನಲ್‌ನಲ್ಲಿ ಇಸ್ನರ್ 44 ಏಸ್, ಅಂದರೆ ಎದುರಾಳಿ ಮುಟ್ಟಲೂ ಆಗದ ಸರ್ವ್, ಹೊಡೆದರು. ಗೆಲುವಿನ ಪಾಯಿಂಟ್ ನಾಲ್ಕು ಸಲ ಅವರ ಕೈಗೆ ಬಂದಿತ್ತು. ನಾಲ್ಕನ್ನೂ ಉಳಿಸಿಕೊಂಡ ವು ಯಿಬಿಂಗ್ ಕೊನೇ ಟೈಬ್ರೇಕ್ 14-12ರಲ್ಲಿ ಗೆದ್ದರು. ಎಟಿಪಿ ಟೂರ್ ಪ್ರಶಸ್ತಿ ಗೆದ್ದ ಚೀನಾದ ಮೊದಲ ಗಂಡಸು ಅವರು. ಇಸ್ನರ್ ಮುಖ ನೆನೆದರೆ ಈಗಲೂ ಅಯ್ಯೋ ಅನಿಸುತ್ತದೆ.

ಹಾಗಂತ ಚಾವಣಿ ಇದ್ದ ಮಾತ್ರಕ್ಕೆ ಕೋರ್ಟ್ ವೇಗದ್ದು ಅಂತ ತಿಳಿಯಬೇಡಿ. ಹಾರ್ಡ್ ಕೋರ್ಟ್‌ನ ವೇಗ ಅದರ ಬಣ್ಣದಲ್ಲಿದೆ. ಬಣ್ಣಕ್ಕೆ ಮರಳು ಬೆರೆಸುತ್ತಾರೆ. ಮರಳು ಜಾಸ್ತಿ, ದಪ್ಪ ಇದ್ದರೆ ಚೆಂಡು ನೆಲ ಕಚ್ಚಿ ನಿಧಾನ ಆಗುತ್ತದೆ. ನಯವಾಗಿದ್ದರೆ ಜಾರಿ ಬರುತ್ತದೆ. ಮೊದಲ ಎರಡು ಗೇಮ್‌ನಲ್ಲೇ ಇದು ಗೊತ್ತಾಗುತ್ತದೆ. ರಿಟರ್ನ್ ಮಾಡುವವನು ಎಲ್ಲಿ ನಿಂತಿದ್ದಾನೆ ನೋಡಿ. ಬೇಸ್‌ಲೈನ್‌ನಿಂದ ಮೂರು ನಾಲ್ಕು ಮೀಟರ್ ಹಿಂದೆ ಹೋಗಿದ್ದರೆ ಅವನಿಗೆ ಸಮಯ ಸಾಲುತ್ತಿಲ್ಲ. ಅಲ್ಲಿಂದ ಮುಂದೆ ಬಂದು ನಿಲ್ಲಲು ಶುರು ಮಾಡಿದರೆ ಏನೋ ಕಂಡುಹಿಡಿದಿದ್ದಾನೆ ಅಂತ ಅರ್ಥ. ಸ್ಕೋರ್ ಬೋರ್ಡ್‌ಗಿಂತ ಮೊದಲೇ ಪಂದ್ಯ ತಿರುಗುವುದು ಅಲ್ಲಿ ಕಾಣುತ್ತದೆ.

ಹೊಸ ಚೆಂಡಿನ ಮೇಲೂ ಕಣ್ಣಿಡಿ. ಮೊದಲ ಸಲ 7 ಗೇಮ್ ಆದ ಮೇಲೆ, ನಂತರ 9 ಗೇಮ್‌ಗೆ ಒಂದು ಸಲ ಚೆಂಡು ಬದಲಾಗುತ್ತವೆ. ಸರ್ವ್ ಮಾಡುವವನು ಹೊಸ ಚೆಂಡನ್ನು ಎತ್ತಿ ಎದುರಾಳಿಗೆ ತೋರಿಸುತ್ತಾನೆ, ಅದು ಮರ್ಯಾದೆ. ಹಳೇ ಚೆಂಡಿನ ರೋಮ ಎದ್ದು ಉಬ್ಬಿರುತ್ತದೆ, ನಿಧಾನ. ಹೊಸದು ಬುಲೆಟ್. ಹಾಗಾಗಿ ಆ ಗೇಮ್‌ನಲ್ಲಿ ಸರ್ವ್ ಮುರಿದರೆ ಅದಕ್ಕೆ ಡಬಲ್ ಬೆಲೆ.

ಆಮೇಲೆ ಸದ್ದು. ಹೊರಗೆ ಚೆಂಡಿನ ಸದ್ದು ಗಾಳಿಗೆ ಹೋಗಿಬಿಡುತ್ತದೆ. ಒಳಗೆ ಅದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ನೇರ ಹೊಡೆತ ‘ಠಪ್’ ಅನ್ನುತ್ತದೆ. ಸವರಿ ಹೊಡೆದದ್ದು ‘ಸರ್’ ಅಂತ ಉಜ್ಜಿದ ಹಾಗೆ. ಅಪ್ಪ ಒಂದು ಗೇಮ್ ಪೂರ್ತಿ ಕಣ್ಣು ಮುಚ್ಚಿ ಕೂತರು. ನಿದ್ದೆ ಬಂತೇನೋ ಅಂದುಕೊಂಡೆ. ‘ಇಲ್ಲ ಕಣೋ, ಯಾವುದು ಎರಡನೇ ಸರ್ವ್ ಅಂತ ಕೇಳಿದ್ರೆ ಗೊತ್ತಾಗುತ್ತೆ’ ಅಂದರು. ನಾನೂ ಪ್ರಯತ್ನಿಸಿದೆ. ನಿಜ, ಗೊತ್ತಾಗುತ್ತೆ.

ಅವರು ಕೇಳಿದ ಇನ್ನೊಂದು ಪ್ರಶ್ನೆ ನಿಮ್ಮ ಜೊತೆಗಿನವರೂ ಕೇಳುತ್ತಾರೆ: ‘ಗೆರೆ ಹತ್ತಿರ ನಿಲ್ಲೋರು ಎಲ್ಲಿ?’ ಈಗ ಯಾರೂ ಇಲ್ಲ. 2025ರಿಂದ ಎಟಿಪಿ ಟೂರ್‌ನಲ್ಲಿ ಗೆರೆ ನೋಡುವ ಕೆಲಸ ಕ್ಯಾಮೆರಾಗಳದ್ದು. ‘ಔಟ್’ ಅಂತ ಕೂಗುವುದೂ ರೆಕಾರ್ಡ್ ಮಾಡಿದ ದನಿ. ಕುರ್ಚಿ ಮೇಲಿನ ಅಂಪೈರ್ ಒಬ್ಬರೇ ಮನುಷ್ಯರು. ನನಗೆ ಇದು ಅಷ್ಟು ಇಷ್ಟ ಇಲ್ಲ. ಜಗಳ ಕಮ್ಮಿ ಆಯ್ತು, ಆದರೆ ಜಗಳದ ಮಜಾನೂ ಹೋಯ್ತು.

ಡಬಲ್ಸ್ ಬಿಡಬೇಡಿ

ಸಿಂಗಲ್ಸ್ ಮುಗಿದ ತಕ್ಷಣ ಅರ್ಧ ಜನ ಎದ್ದು ಹೋಗುತ್ತಾರೆ. ನೀವು ಕೂತಿರಿ. ಚಾವಣಿ ಕೆಳಗೆ ಡಬಲ್ಸ್ ನೋಡುವ ಮಜಾನೇ ಬೇರೆ. ನೆಟ್ ಹತ್ತಿರ ನಾಲ್ಕು ಜನ, ಚೆಂಡು ನೆಲ ಮುಟ್ಟುವುದೇ ಅಪರೂಪ, ಆ ‘ಠಪ್ ಠಪ್’ ತಾಳ ಹಿಡಿದ ಹಾಗಿರುತ್ತದೆ. ನಿಯಮವೂ ಚುರುಕು. ಡ್ಯೂಸ್ (40-40) ಆದರೆ ಒಂದೇ ಪಾಯಿಂಟ್, ಯಾವ ಬದಿಯಲ್ಲಿ ತಗೊಳ್ಳಬೇಕು ಅಂತ ರಿಟರ್ನ್ ಮಾಡುವವರೇ ಹೇಳುತ್ತಾರೆ. ಸೆಟ್ 1-1 ಆದರೆ ಮೂರನೇ ಸೆಟ್ ಬದಲು 10 ಪಾಯಿಂಟ್‌ನ ಟೈಬ್ರೇಕ್. ಪಂದ್ಯ ಒಂದೂವರೆ ಗಂಟೆ ದಾಟುವುದು ಕಮ್ಮಿ. ಮಕ್ಕಳನ್ನು ಕರೆದೊಯ್ಯುವವರಿಗೆ ಇದೇ ಸರಿ.

ಕನ್ನಡಿಗರಿಗೆ ಡಬಲ್ಸ್ ಮೇಲೆ ಪ್ರೀತಿ ಇರಲು ಇನ್ನೊಂದು ಕಾರಣ ಕೊಡಗಿನ ರೋಹನ್ ಬೋಪಣ್ಣ. ಅವರ ದೊಡ್ಡ ಗೆಲುವುಗಳಲ್ಲಿ ಎರಡು ಚಾವಣಿ ಕೆಳಗಿನವೇ. ಪ್ಯಾರಿಸ್ ಮಾಸ್ಟರ್ಸ್ ಅನ್ನು 2011ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ, 2012ರಲ್ಲಿ ಮಹೇಶ್ ಭೂಪತಿ ಜೊತೆ ಗೆದ್ದರು. 2025ರಲ್ಲಿ ಕೊನೇ ಪಂದ್ಯ ಆಡಿದ್ದೂ ಅದೇ ಟೂರ್ನಿಯಲ್ಲಿ. ಆ ದಪ್ಪ ಸರ್ವ್ ಗಾಳಿ ಇಲ್ಲದ ಕಡೆ ಇನ್ನೂ ದಪ್ಪ ಆಗುತ್ತಿತ್ತು.

ಸಹಿ ಬೇಕೆಂದು ಮಕ್ಕಳು ಹಟ ಮಾಡಿದರೆ, ಪಂದ್ಯ ಮುಗಿಯುವ ಐದು ನಿಮಿಷ ಮೊದಲೇ ಆಟಗಾರ ಹೊರಗೆ ಹೋಗುವ ದಾರಿಯ ಪಕ್ಕ ಸೀಟು ಖಾಲಿ ಇದೆಯಾ ನೋಡಿ. ದಪ್ಪ ಮಾರ್ಕರ್ ಪೆನ್ ಜೇಬಲ್ಲಿರಲಿ. ಡಬಲ್ಸ್ ಆಟಗಾರರು ನಿಂತು ಸಹಿ ಹಾಕುತ್ತಾರೆ, ಎರಡು ಮಾತೂ ಆಡುತ್ತಾರೆ. ಸೋತವರನ್ನು ಮಾತ್ರ ಕರೆಯಬೇಡಿ, ಪಾಪ.

ಬೆಂಗಳೂರಿನಿಂದ ನೋಡುವವರಿಗೆ

ಫೆಬ್ರವರಿಯಲ್ಲಿ ಫ್ರಿಸ್ಕೋ ನಮ್ಮೂರಿಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 11ಕ್ಕೆ ಶುರುವಾದ ಪಂದ್ಯ ನಿಮಗೆ ರಾತ್ರಿ 10.30. ಅಲ್ಲಿ ಸಂಜೆ 7ರ ಪಂದ್ಯ ನಿಮಗೆ ಮರುದಿನ ಬೆಳಿಗ್ಗೆ 6.30. ಮರುದಿನ ಅನ್ನೋದು ಮುಖ್ಯ. ‘ಮಂಗಳವಾರ ಸಂಜೆ’ ಅಂತ ವೇಳಾಪಟ್ಟಿಯಲ್ಲಿ ಇದ್ದರೆ ಬುಧವಾರ ಬೆಳಿಗ್ಗೆ ಅಲಾರಂ ಇಡಿ. ಭಾನುವಾರ ಮಧ್ಯಾಹ್ನದ ಫೈನಲ್ ನಡುರಾತ್ರಿಗೆ ಬರುತ್ತದೆ, ಸೋಮವಾರದ ಆಫೀಸು ನೀವೇ ಯೋಚಿಸಿ.

ಎಟಿಪಿಯದ್ದೇ ಆದ ಟೆನಿಸ್ ಟಿವಿ ಆ್ಯಪ್‌ನಲ್ಲಿ ಪಂದ್ಯಗಳು ಬರುತ್ತವೆ. ಭಾರತದ ಚಾನೆಲ್‌ಗಳ ಹಕ್ಕು ಆಗಾಗ ಕೈ ಬದಲಾಗುತ್ತದೆ, ಹಾಗಾಗಿ ವರ್ಷದ ಚಂದಾ ಕಟ್ಟುವ ಮೊದಲು ಆ ವಾರದ ಟೂರ್ನಿ ಪಟ್ಟಿಯಲ್ಲಿದೆಯಾ ನೋಡಿ. ಮರುದಿನ ಯಾರು ಯಾವಾಗ ಆಡುತ್ತಾರೆ ಅನ್ನೋ ಪಟ್ಟಿ ಹಿಂದಿನ ಸಂಜೆ ಎಟಿಪಿ ಪುಟದಲ್ಲಿ ಬರುತ್ತದೆ, ಅಂದರೆ ನಿಮಗೆ ಬೆಳಿಗ್ಗೆ. ಅದರಲ್ಲಿ ‘ಇಷ್ಟು ಗಂಟೆಗೆ ಮೊದಲು ಇಲ್ಲ’ ಅಂತ ಬರೆದಿದ್ದರೆ ಅಷ್ಟು ಹೊತ್ತಿಗೆ ಶುರುವಾಗುತ್ತದೆ ಅಂತಲ್ಲ. ಹಿಂದಿನ ಪಂದ್ಯ ಮುಗಿಯಬೇಕು. ಹಿಂದಿನ ಪಂದ್ಯದಲ್ಲಿ ಇಬ್ಬರು ದೊಡ್ಡ ಸರ್ವ್‌ನವರು ಇದ್ದರೆ ಇನ್ನೊಂದು ಲೋಟ ಫಿಲ್ಟರ್ ಕಾಫಿಗೆ ಆರಾಮಾಗಿ ಸಮಯ ಇರುತ್ತದೆ. ಅಪ್ಪ ಈಗ ಶಿವಮೊಗ್ಗದಲ್ಲಿ ಹಾಗೇ ನೋಡುತ್ತಾರೆ. ಟಿವಿ ಸದ್ದು ಪೂರ್ತಿ ಏರಿಸಿ, ಕಣ್ಣು ಮುಚ್ಚಿ. ಅಮ್ಮ ಬಂದು ಟಿವಿ ಆರಿಸಿದರೆ ತಕ್ಷಣ ಕಣ್ಣು ಬಿಟ್ಟು ‘ಏಯ್, ಟೈಬ್ರೇಕ್!’ ಅನ್ನುತ್ತಾರಂತೆ.